ತಲೆಬಾಗಿಲ ಲೋಳೆಸರ

ಮಳವಳ್ಳಿಯಿಂದ ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಯಲ್ಲಿ ಕಾವೇರಿಯ ಸೇತುವೆ ದಾಟಿದರೆ ಸತ್ತೇಗಾಲ. ಜಲಪಾತ ನೋಡಲು ಬಂದವರು ಹ್ಯಾಂಡ್‌ಪೋಸ್ಟಿನಲ್ಲಿ ಭರಚುಕ್ಕಿಯ ಕಡೆಗೆ ತಿರುಗಿಕೊಳ್ಳುತ್ತಾರೆ. ಮಾದಪ್ಪನ ಬೆಟ್ಟಕ್ಕೆ ಹೊರಟವರು ನೇರವಾಗಿ ಕೊಳ್ಳೇಗಾಲದತ್ತ ಸಾಗುತ್ತಾರೆ. ಊರಿನೊಳಗಿನ ಬೀದಿಗಳಿಗೆ ಬರುವ ಹೊರಗಿನವರು ಕಡಿಮೆ. ಬಂದವರು ಮನೆಗಳ ತಲೆಬಾಗಿಲಿನತ್ತ ಒಮ್ಮೆ ಕಣ್ಣೆತ್ತಿ ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಬಾಗಿಲವಾಡದ ಮೇಲೆ, ಒಣಗಿದ ಮಾವಿನ ತೋರಣದ ಪಕ್ಕದಲ್ಲಿ, ಕರಿದಾರದಲ್ಲಿ ಕಟ್ಟಿ ನೇತುಹಾಕಿದ ಒಂದು ಲೋಳೆಸರದ ಗಿಡ. ಬೇರು ಮೇಲೆ, ಎಲೆ ಕೆಳಗೆ. ಅದಕ್ಕೆ ಮಣ್ಣಿಲ್ಲ, ಕುಂಡವಿಲ್ಲ, ನೀರೆರೆಯುವವರಿಲ್ಲ. ಆದರೂ ಹಸಿರಾಗಿದೆ. ಕೆಲವು ಮನೆಗಳಲ್ಲಿ ಅದು ಹೂವನ್ನೂ ಬಿಡುವುದುಂಟು.

ಇದು ಸತ್ತೇಗಾಲಕ್ಕೆ ಮಾತ್ರ ಸೇರಿದ ಪದ್ಧತಿಯಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಲ್ಲಷ್ಟೇ ಅಲ್ಲದೆ ಹಳೆ ಮೈಸೂರಿನ ಉದ್ದಗಲಕ್ಕೂ, ನೆರೆಯ ತಮಿಳು, ತೆಲುಗು ಸೀಮೆಗಳಲ್ಲಿಯೂ ಇದನ್ನು ಕಾಣಬಹುದು. ಮನೆಗೆ, ಅಂಗಡಿಗೆ, ಹೊಸದಾಗಿ ಕೊಂಡ ಲಾರಿಗೆ ಕೆಟ್ಟ ದೃಷ್ಟಿ ತಾಕದಿರಲಿ ಎಂಬುದು ನಂಬಿಕೆ. ನಂಬಿಕೆಯ ಮಾತು ಹಾಗಿರಲಿ. ಮನೆಯೊಳಗೆ ಗಿಡ ಇಡುವುದು ಪಟ್ಟಣದವರ ಹೊಸ ಷೋಕಿ ಎಂದು ತಿಳಿದವರು ಈ ಬಾಗಿಲುಗಳನ್ನು ನೋಡಬೇಕು. ರಸಭರಿತ ಎಲೆಯ ಗಿಡವೊಂದನ್ನು ಸೂರಿನ ಕೆಳಗೆ ಇಟ್ಟು ಸಾಕುವ ವಿದ್ಯೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ.

ಇನ್ನೊಂದು ಚಿತ್ರ ಈಗ ಬೆಂಗಳೂರು, ಮೈಸೂರಿನ ಮನೆಗಳದ್ದು. ಕಿಟಕಿಯ ಬಳಿ ಅಂಗೈಯಗಲದ ಪಿಂಗಾಣಿ ಬಟ್ಟಲು, ಅದರಲ್ಲಿ ನರ್ಸರಿಯವರು 'ಸಕ್ಯುಲೆಂಟ್' ಎಂದು ಕರೆಯುವ ಪುಟ್ಟ ಗಿಡ. ಮನೆಯವರಿಗೆ ಅದರ ಮೇಲೆ ಬಲು ಅಕ್ಕರೆ. ದಿನವೂ ಬೆಳಿಗ್ಗೆ ಕಾಫಿ ಕುಡಿಯುವಾಗ ಅದಕ್ಕೂ ಒಂದು ಲೋಟ ನೀರು. ಎರಡು ತಿಂಗಳು ಕಳೆಯುವುದರೊಳಗೆ ಬುಡ ಮೆತ್ತಗಾಗಿ, ಎಲೆಗಳು ಒಂದೊಂದೇ ಕಳಚಿ, ಗಿಡ ಕೊಳೆತುಹೋಗಿರುತ್ತದೆ. "ನಮ್ಮ ಕೈಗೆ ಗಿಡ ಹತ್ತುವುದಿಲ್ಲ" ಎಂದು ಅವರು ನೊಂದುಕೊಳ್ಳುತ್ತಾರೆ.

ಯಾರೂ ಮುಟ್ಟದ ಗಿಡ ಬದುಕುತ್ತದೆ, ಅಕ್ಕರೆಯಿಂದ ಸಾಕಿದ್ದು ಸಾಯುತ್ತದೆ. ಇದೇಕೆ ಹೀಗೆ? ಉತ್ತರ ಹುಡುಕಲು ಹೊರಟರೆ ಕೈರೋ ನಗರದ ಬೀದಿಗಳನ್ನೂ, ಬೆಂಗಳೂರಿನ ಲಾಲ್‌ಬಾಗನ್ನೂ ಹಾದುಬರಬೇಕಾಗುತ್ತದೆ.

ಅರಬರ ನಾಡಿನಿಂದ ಬಂದ ಗಿಡ

ಲೋಳೆಸರ ನಮ್ಮದೇ ಗಿಡವೆಂದು ನಾವು ಭಾವಿಸಿದ್ದೇವೆ. ಸಂಸ್ಕೃತದಲ್ಲಿ ಅದಕ್ಕೆ ಕುಮಾರಿ, ಘೃತಕುಮಾರಿ ಎಂಬ ಹೆಸರುಗಳಿವೆ. ನಾಟಿ ವೈದ್ಯದಲ್ಲಿ ಅದಿಲ್ಲದೆ ಆಗುವುದಿಲ್ಲ. ಆದರೆ ಅದರ ತವರು ಅರೇಬಿಯಾ ಪರ್ಯಾಯದ್ವೀಪ ಎಂಬುದು ಸಸ್ಯವಿಜ್ಞಾನಿಗಳ ಇಂದಿನ ತಿಳಿವಳಿಕೆ. ಲೋಳೆಸರದ ಕುಲದ ನೂರಾರು ಜಾತಿಗಳ ವಂಶಾವಳಿಯನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ತೀರ್ಮಾನಕ್ಕೆ ಬಂದಿತು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ಕಡಲ ವ್ಯಾಪಾರದ ಕೈಪಿಡಿಯು ದಕ್ಷಿಣ ಅರೇಬಿಯಾದ ಬಂದರಿನಿಂದ ಹೊರಡುತ್ತಿದ್ದ ಸರಕುಗಳಲ್ಲಿ ಧೂಪದ ಜೊತೆಗೆ ಲೋಳೆಸರದ ಒಣಗಿಸಿದ ರಸವನ್ನೂ ಹೆಸರಿಸುತ್ತದೆ.

ಈ ಗಿಡ ದೂರ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಬುಡಸಹಿತ ಕಿತ್ತು ಹಡಗಿನ ಮೂಲೆಯಲ್ಲಿ ಎಸೆದರೆ ತಿಂಗಳುಗಟ್ಟಲೆ ಬದುಕಿರಬಲ್ಲದು. ದಡ ಸೇರಿದ ಮೇಲೆ ಹಿಡಿ ಮಣ್ಣು ಸಿಕ್ಕರೆ ಮತ್ತೆ ಬೇರು ಬಿಡುತ್ತದೆ.

ಬೇರಿಲ್ಲದೆ, ಮಣ್ಣಿಲ್ಲದೆ ಬದುಕುವ ಇಂಥ ಗಿಡಗಳು ಬಹಳ ಹಿಂದೆಯೇ ಜನರ ಕುತೂಹಲವನ್ನು ಕೆರಳಿಸಿದ್ದವು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲ್ ಪ್ರಾಣಿಗಳ ಅಂಗಾಂಗಗಳ ಕುರಿತ ತನ್ನ ಗ್ರಂಥದಲ್ಲಿ, ಪ್ರಾಣಿ ಎಲ್ಲಿ ಮುಗಿದು ಸಸ್ಯ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಯನ್ನು ಚರ್ಚಿಸುವಾಗ ಪರ್ನಾಸಸ್ ಬೆಟ್ಟದ ಒಂದು ಗಿಡವನ್ನು ಪ್ರಸ್ತಾಪಿಸುತ್ತಾನೆ. ಅದನ್ನು ಕಿತ್ತು ಗೂಟಕ್ಕೆ ನೇತುಹಾಕಿದರೂ ಬಹುಕಾಲ ಜೀವಂತವಾಗಿರುತ್ತದೆ ಎಂದು ಅವನು ಬರೆದಿದ್ದಾನೆ.

ಅದಕ್ಕಿಂತ ನಮಗೆ ಹತ್ತಿರವೆನಿಸುವುದು ಎಡ್ವರ್ಡ್ ವಿಲಿಯಂ ಲೇನ್ ಎಂಬ ಇಂಗ್ಲಿಷ್ ವಿದ್ವಾಂಸನ ಬರಹ. ಈಜಿಪ್ಟಿನಲ್ಲಿ ವರ್ಷಗಟ್ಟಲೆ ನೆಲೆಸಿ, ಅಲ್ಲಿನವರಂತೆಯೇ ಉಟ್ಟು ಉಂಡು, ಅವರ ರೀತಿನೀತಿಗಳನ್ನು ಕುರಿತು ಅವನು ಬರೆದ ಪುಸ್ತಕ 1836ರಲ್ಲಿ ಪ್ರಕಟವಾಯಿತು. ಕೈರೋದಲ್ಲಿ ಮನೆಯ ಬಾಗಿಲ ಮೇಲೆ, ಅದರಲ್ಲೂ ಹೊಸ ಮನೆಯ ಬಾಗಿಲ ಮೇಲೆ, ಲೋಳೆಸರದ ಗಿಡವನ್ನು ನೇತುಹಾಕುವುದು ಸಾಮಾನ್ಯ ಪದ್ಧತಿ ಎಂದು ಅವನು ಹೇಳುತ್ತಾನೆ. ಮನೆಯವರು ದೀರ್ಘಕಾಲ ಸುಖವಾಗಿ ಬಾಳಲಿ, ಮನೆಯೂ ಬಹುಕಾಲ ನಿಲ್ಲಲಿ ಎಂಬುದು ಅಲ್ಲಿನವರ ಆಶಯ. ಮಣ್ಣು ನೀರು ಇಲ್ಲದೆಯೂ ಆ ಗಿಡ ಕೆಲವು ವರ್ಷ ಬದುಕಿ ಹೂ ಸಹ ಬಿಡುತ್ತದೆ ಎಂದೂ ಅವನು ಗುರುತಿಸಿದ್ದಾನೆ. ಓದುತ್ತಿದ್ದರೆ ಕೊಳ್ಳೇಗಾಲ ಸೀಮೆಯ ಬಾಗಿಲನ್ನೇ ನೋಡಿ ಬರೆದಂತಿದೆ.

ಅರಬ್ಬಿ ಭಾಷೆಯಲ್ಲಿ ಈ ಗಿಡದ ಹೆಸರು, 'ತಾಳ್ಮೆ' ಎಂಬ ಅರ್ಥದ 'ಸಬ್ರ್' ಎಂಬ ಪದ, ಎರಡೂ ಒಂದೇ ಮೂಲದವು. ಆ ಮೂಲವೇ ನಮ್ಮ ಗ್ರಂಧಿಗೆ ಅಂಗಡಿಗಳವರೆಗೂ ಬಂದು ತಲುಪಿದೆ. ಲೋಳೆಸರದ ಕಹಿ ರಸವನ್ನು ಒಣಗಿಸಿದ ಕಪ್ಪು ಗಟ್ಟಿಯನ್ನು ಮುಸಬ್ಬರ ಅಥವಾ ಮುಸಂಬರ ಎಂದು ಕೇಳಿದರೆ ಕೊಡುತ್ತಾರಲ್ಲವೆ? ಮಗುವಿಗೆ ಮೊಲೆಹಾಲು ಬಿಡಿಸಲು ಹಿಂದೆ ತಾಯಂದಿರು ಹಚ್ಚಿಕೊಳ್ಳುತ್ತಿದ್ದುದು ಇದನ್ನೇ.

ಗಿಡ ಕಡಲು ದಾಟಿ ಬಂತು, ಹೆಸರೂ ಬಂತು. ಬಾಗಿಲಿಗೆ ಕಟ್ಟುವ ಪದ್ಧತಿಯೂ ಅದರ ಬೆನ್ನಿಗೇ ಬಂತೆಂದು ಮಾತ್ರ ಹೇಳುವಂತಿಲ್ಲ. ಕಿತ್ತರೂ ಸಾಯದ ಗಿಡವನ್ನು ಕಂಡ ಎರಡು ನಾಡಿನ ಜನಕ್ಕೆ, ಇದು ಮನೆಯನ್ನು ಕಾಯಲಿ ಎಂಬ ಒಂದೇ ಯೋಚನೆ ತಾನಾಗಿಯೇ ಹೊಳೆದಿರಲೂಬಹುದು.

ಹುಳಿ ಎಲೆ ಅಗಿದ ವೈದ್ಯ

ಈ ತಾಳ್ಮೆಯ ಗುಟ್ಟು ರಟ್ಟಾದ ಕಥೆಗೂ ಕರ್ನಾಟಕಕ್ಕೂ ಒಂದು ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ತನ್ನ ಕೈಗೆ ಬಂದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಏನೇನು ಸಿಗುತ್ತದೆ ಎಂದು ಲೆಕ್ಕ ಹಾಕಲು ಹೊರಟಿತು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800ರಲ್ಲಿ ಮಳವಳ್ಳಿ, ಶಿವನಸಮುದ್ರ, ಸತ್ತೇಗಾಲಗಳ ಮೂಲಕ ಕಾವೇರಿಪುರದ ಘಟ್ಟದ ಕಡೆಗೆ ಸಾಗಿದ್ದು ಈ ಕೆಲಸದ ಮೇಲೆಯೇ. ಕರ್ನಲ್ ಮೆಕೆಂಜಿಯ ಮೈಸೂರು ಮೋಜಣಿಯ ತಂಡದಲ್ಲಿದ್ದ ಇನ್ನೊಬ್ಬ ವೈದ್ಯ ಬೆಂಜಮಿನ್ ಹೈನ್. ಈತ ಜರ್ಮನಿಯ ಸ್ಯಾಕ್ಸನಿಯವನು. ಮೊರಾವಿಯನ್ ಪಂಥದ ಪಾದ್ರಿಗಳ ಜೊತೆ ಭಾರತಕ್ಕೆ ಬಂದು, ಕಂಪನಿಯ ಸೇವೆಗೆ ಸೇರಿ, ಸಾಮಲಕೋಟೆಯ ಸಸ್ಯತೋಟದಲ್ಲಿ ದುಡಿದಿದ್ದವನು. ಟಿಪ್ಪುವಿನ ಕಾಲದ ಲಾಲ್‌ಬಾಗ್ ಕಂಪನಿಯ ವಶಕ್ಕೆ ಬಂದಾಗ ಕೆಲವು ವರ್ಷ ಅದರ ಉಸ್ತುವಾರಿಯೂ ಇವನದೇ ಆಗಿತ್ತು.

ಹೈನ್ ಗಮನಿಸಿದ್ದು ಕಾಡುಬಸಳೆಯ ಎಲೆಯನ್ನು. ಎಲೆಯನ್ನು ನೆಲದ ಮೇಲೆ ಇಟ್ಟರೆ ಅದರ ಅಂಚಿನಿಂದಲೇ ಮರಿಗಿಡಗಳು ಮೂಡುತ್ತವಲ್ಲ, ಅದೇ ಗಿಡ. ಶಾಲೆಯ ಪಠ್ಯಪುಸ್ತಕದಲ್ಲಿ ಬ್ರಯೋಫಿಲಮ್ ಎಂದು ನಾವೆಲ್ಲ ಓದಿದ್ದೇವೆ. ಇದರ ಮೂಲ ಮಡಗಾಸ್ಕರ್. ಬೆಳಿಗ್ಗೆ ಇದರ ಎಲೆಯನ್ನು ಅಗಿದರೆ ಬಾಯಿ ಜುಮ್ಮೆನ್ನುವಷ್ಟು ಹುಳಿ. ಹೊತ್ತು ಏರಿದಂತೆ ಹುಳಿ ಇಳಿಯುತ್ತಾ ಹೋಗಿ ನಡುಹಗಲಿನ ಹೊತ್ತಿಗೆ ಸಪ್ಪೆಯಾಗುತ್ತದೆ. ಸಂಜೆಗೆ ಸ್ವಲ್ಪ ಕಹಿ. ಮರುದಿನ ಬೆಳಿಗ್ಗೆ ಮತ್ತೆ ಹುಳಿ. ಈ ಸಂಗತಿಯನ್ನು ಅವನು ಲಂಡನ್ನಿನ ಲಿನ್ನಿಯನ್ ಸಂಘದ ಉಪಾಧ್ಯಕ್ಷನಾಗಿದ್ದ ಲ್ಯಾಂಬರ್ಟನಿಗೆ ಪತ್ರದಲ್ಲಿ ತಿಳಿಸಿದ. ಆ ಪತ್ರ 1815ರಲ್ಲಿ ಸಂಘದ ಸಂಪುಟದಲ್ಲಿ ಅಚ್ಚಾಯಿತು. ಅದಕ್ಕೆ ಹನ್ನೊಂದು ವರ್ಷ ಹಿಂದೆ, 1804ರಲ್ಲಿ, ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ ಪಾಪಾಸುಕಳ್ಳಿಯ ಕಾಂಡ ರಾತ್ರಿಯ ವೇಳೆ ಗಾಳಿಯನ್ನು ಹೀರಿಕೊಳ್ಳುವುದನ್ನು ಅಳೆದು ತೋರಿಸಿದ್ದ. ಆದರೆ ಈ ಎರಡು ಸಂಗತಿಗಳೂ ಒಂದೇ ಕ್ರಿಯೆಯ ಎರಡು ಮುಖಗಳೆಂದು ವಿವರವಾಗಿ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಹೈನನ ಬಳಿ ಇದ್ದ ಉಪಕರಣ ಅವನ ನಾಲಗೆಯೊಂದೇ. ಓದುಗರೂ ಬೇಕಾದರೆ ಹಿತ್ತಿಲಿನ ಕಾಡುಬಸಳೆಯ ಎಲೆಯ ಒಂದು ಚೂರನ್ನು ಬೆಳಿಗ್ಗೆ, ಮತ್ತೊಂದನ್ನು ಮಧ್ಯಾಹ್ನ ಬಾಯಿಗೆ ಹಾಕಿ ಉಗುಳಿ ಇದನ್ನು ಪರೀಕ್ಷಿಸಬಹುದು. ಆದರೆ ಗಿಡ ಅದೇ ಎಂದು ಖಚಿತವಿರಬೇಕು. ಹಾಲು ಒಸರುವ ಕಳ್ಳಿಗಳ ಹತ್ತಿರ ಈ ಪ್ರಯೋಗ ಕೂಡದು.

ಮೂರು ಬಗೆಯ ಲೆಕ್ಕ

ಎಲ್ಲ ಗಿಡಗಳಿಗೂ ಒಂದು ಸಂಕಟ ಇದ್ದೇ ಇದೆ. ಆಹಾರ ತಯಾರಿಸಲು ಇಂಗಾಲದ ಡೈಆಕ್ಸೈಡ್ ಬೇಕು. ಅದು ಒಳಗೆ ಬರಬೇಕಾದರೆ ಎಲೆಯ ಸೂಕ್ಷ್ಮ ರಂಧ್ರಗಳು ತೆರೆಯಬೇಕು. ರಂಧ್ರ ತೆರೆದರೆ ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಬಾಗಿಲು ತೆರೆದರೆ ನೀರಿನ ನಷ್ಟ, ಮುಚ್ಚಿದರೆ ಉಪವಾಸ.

ಸತ್ತೇಗಾಲದ ಸುತ್ತಮುತ್ತ ಈ ಸಂಕಟಕ್ಕೆ ಗಿಡಗಳು ಕಂಡುಕೊಂಡ ಮೂರು ಪರಿಹಾರಗಳನ್ನೂ ಒಂದೇ ದಿನದಲ್ಲಿ ನೋಡಬಹುದು. ನದಿ, ಕೆರೆ, ನಾಲೆಗಳ ನೀರು ಸಿಗುವ ಕಡೆ ಭತ್ತ. ಹನೂರಿನತ್ತ ಹೋದಂತೆ ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿ. ಮನೆಯ ಬಾಗಿಲ ಮೇಲೆ ಲೋಳೆಸರ.

ಭತ್ತದಂಥ ಸಾಮಾನ್ಯ ಗಿಡಗಳು ಹಗಲು ಹೊತ್ತಿನಲ್ಲಿ ರಂಧ್ರ ತೆರೆದು ಧಾರಾಳವಾಗಿ ನೀರು ಕಳೆದುಕೊಳ್ಳುತ್ತವೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡನ್ನು ದಕ್ಕಿಸಿಕೊಳ್ಳಲು ಇವು ವ್ಯಯಿಸುವ ನೀರು ಸುಮಾರು 400ರಿಂದ 500 ಗ್ರಾಂ. ರಾಗಿ, ಜೋಳ, ಕಬ್ಬುಗಳ ಎಲೆಯೊಳಗೆ ಆ ಅನಿಲವನ್ನು ಬೇಗನೆ ಹಿಡಿದು ಒಂದೆಡೆ ಸೇರಿಸುವ ಹೆಚ್ಚುವರಿ ವ್ಯವಸ್ಥೆಯೊಂದಿದೆ. ಈ ಬಗೆಯ ಗಿಡಗಳ ಖರ್ಚು 250ರಿಂದ 300 ಗ್ರಾಂ. ಲೋಳೆಸರ, ಕಾಡುಬಸಳೆ, ಭೂತಾಳೆ, ಪಾಪಾಸುಕಳ್ಳಿಗಳ ದಾರಿಯೇ ಬೇರೆ. ಇವು ಹಗಲೆಲ್ಲ ಬಾಗಿಲು ಹಾಕಿಕೊಂಡಿದ್ದು, ಬಿಸಿಲಿಳಿದು ತಂಪಾದ ಮೇಲೆ ರಾತ್ರಿ ತೆರೆಯುತ್ತವೆ. ಒಳಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಮಾರ್ಪಡಿಸಿ ಕೋಶಗಳಲ್ಲಿ ಕೂಡಿಡುತ್ತವೆ. ಹೈನನ ನಾಲಗೆಗೆ ಬೆಳಿಗ್ಗೆ ಸಿಕ್ಕ ಹುಳಿ ಇದೇ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಆಮ್ಲದಿಂದ ಅನಿಲವನ್ನು ಬಿಡಿಸಿಕೊಂಡು, ಸೂರ್ಯನ ಬೆಳಕಿನಲ್ಲಿ ಸಕ್ಕರೆ ಮಾಡುತ್ತವೆ. ಹುಳಿ ಮಾಯವಾಗುತ್ತದೆ. ಈ ಲೆಕ್ಕದಲ್ಲಿ ನೀರಿನ ಖರ್ಚು 50ರಿಂದ 100 ಗ್ರಾಂ ಮಾತ್ರ. ಕಾಡುಬಸಳೆಯ ಕುಟುಂಬದ ಹೆಸರಿನ ಮೇಲೆ ಸಸ್ಯವಿಜ್ಞಾನಿಗಳು ಇದನ್ನು ಕ್ರಾಸುಲೇಸಿಯೆ ಆಮ್ಲ ಚಯಾಪಚಯ ಎಂದು ಕರೆಯುತ್ತಾರೆ.

ಇಷ್ಟು ಮಿತವ್ಯಯದ ಗಿಡ ಲೋಕವನ್ನೆಲ್ಲ ಏಕೆ ತುಂಬಲಿಲ್ಲ? ಇದಕ್ಕೆ ತೆರಬೇಕಾದ ಬೆಲೆಯೆಂದರೆ ನಿಧಾನ. ರಾತ್ರಿ ಕೂಡಿಟ್ಟ ಆಮ್ಲ ಎಷ್ಟೋ ಅಷ್ಟೇ ಮರುದಿನದ ಅಡಿಗೆ. ನೀರು ಹೇರಳವಾಗಿರುವಲ್ಲಿ ಇದು ಭತ್ತದ ಜೊತೆ ಓಡಲಾರದು.

ಬಾಗಿಲ ಮೇಲೆ ನಡೆಯುವುದೇನು?

ಈಗ ಮತ್ತೆ ತಲೆಬಾಗಿಲಿಗೆ ಬರೋಣ. ಕಿತ್ತು ತಂದ ಲೋಳೆಸರಕ್ಕೆ ಹೊರಗಿನಿಂದ ನೀರು ಬರುವ ದಾರಿ ಇಲ್ಲ. ಅದರ ದಪ್ಪ ಎಲೆಯ ನಡುವಿನ ಬಣ್ಣವಿಲ್ಲದ ಲೋಳೆಯೇ ಅದರ ಕೆರೆ. ಎಲೆಯ ಹೊರಮೈಗೆ ಮೇಣದಂಥ ಲೇಪವಿದೆ. ಬರ ತೀವ್ರವಾದಾಗ ಇಂಥ ಗಿಡಗಳು ಹಗಲಷ್ಟೇ ಅಲ್ಲ, ರಾತ್ರಿಯೂ ಬಾಗಿಲು ಮುಚ್ಚಿಕೊಂಡುಬಿಡುತ್ತವೆ. ತಮ್ಮದೇ ಉಸಿರಿನಿಂದ ಹೊರಬಂದ ಇಂಗಾಲದ ಡೈಆಕ್ಸೈಡನ್ನು ರಾತ್ರಿ ಹಿಡಿದಿಟ್ಟು ಹಗಲು ಮತ್ತೆ ಬಳಸುತ್ತವೆ. ಬೆಳವಣಿಗೆ ನಿಂತುಹೋಗುತ್ತದೆ, ಜೀವ ನಿಲ್ಲುತ್ತದೆ.

ಗಮನವಿಟ್ಟು ನೋಡಿದರೆ ಇನ್ನೂ ಎರಡು ಸಂಗತಿಗಳು ಕಾಣುತ್ತವೆ. ತಲೆಕೆಳಗಾಗಿ ಕಟ್ಟಿದ ಗಿಡದ ಹೊಸ ಎಲೆಗಳ ತುದಿ ಮೆಲ್ಲಗೆ ಮೇಲಕ್ಕೆ ಬಾಗಿರುತ್ತದೆ. ಹೂವಿನ ದಂಟೂ ಹಾಗೆಯೇ ತಿರುಗಿಕೊಳ್ಳುತ್ತದೆ. ನೆಲದ ಸೆಳೆತವನ್ನು ಗುರುತಿಸಿ ಅದಕ್ಕೆ ಎದುರಾಗಿ ಬೆಳೆಯುವುದು ಚಿಗುರಿನ ಸ್ವಭಾವ. ಎರಡನೆಯದು, ಬುಡದ ಹಳೆಯ ಎಲೆಗಳು ಒಂದೊಂದಾಗಿ ಸುಕ್ಕಾಗಿ ಕಾಗದದಂತೆ ಒಣಗುತ್ತವೆ. ಅವುಗಳಲ್ಲಿದ್ದ ನೀರು, ಸತ್ವ ನಡುವಿನ ಚಿಗುರಿಗೆ ಸಾಗಿರುತ್ತದೆ. ಹೂ ಬಿಟ್ಟಿತೆಂದರೆ ಕೂಡಿಟ್ಟ ಗಂಟಿನ ದೊಡ್ಡ ಪಾಲು ಖರ್ಚಾಯಿತೆಂದೇ ಅರ್ಥ.

ಅಂದರೆ ಆ ಗಿಡ ಗಾಳಿಯನ್ನೇ ಕುಡಿದು ಬದುಕುತ್ತಿಲ್ಲ. ಕೂಡಿಟ್ಟದ್ದನ್ನು ಎಣಿಸಿ ಎಣಿಸಿ ಖರ್ಚು ಮಾಡುತ್ತಿದೆ. ಗಂಟು ಮುಗಿದ ದಿನ ಒಣಗುತ್ತದೆ. ಈ ಮಾತನ್ನು ಸ್ವಲ್ಪ ಒತ್ತಿ ಹೇಳಲು ಕಾರಣವಿದೆ. ಬಾಗಿಲ ಲೋಳೆಸರ ಒಣಗಿದರೆ ಮನೆಗೆ ಕೇಡು ಎಂದು ಹೆದರುವವರು ಇದ್ದಾರೆ. ಅದೇ ವಾರ ಮಗುವಿಗೆ ಜ್ವರ ಬಂದರೆ, ಹಸು ಸತ್ತರೆ ಆ ಹೆದರಿಕೆ ಇಮ್ಮಡಿಸುತ್ತದೆ. ಯಾರ ಕಣ್ಣು ಬಿತ್ತು ಎಂಬ ಮಾತು ಎದ್ದು, ಬೊಟ್ಟು ಯಾರದೋ ಕಡೆಗೆ, ಸಾಮಾನ್ಯವಾಗಿ ಬಡ ನೆರೆಯವಳೊಬ್ಬಳ ಕಡೆಗೆ, ತಿರುಗುತ್ತದೆ. ಗಿಡ ಒಣಗಿದ್ದು ಅದರ ನೀರು ಮುಗಿದುದರಿಂದ. ಯಾರ ಕಣ್ಣಿಗೂ ಅದರಲ್ಲಿ ಪಾಲಿಲ್ಲ. ಬಾಗಿಲಿಗೆ ಕಟ್ಟುವ ಪದ್ಧತಿಯನ್ನು ಉಳಿಸಿಕೊಳ್ಳುವವರು ಉಳಿಸಿಕೊಳ್ಳಲಿ. ಎಲೆ ಸುಕ್ಕಾಗುತ್ತಿರುವಾಗಲೇ ಇಳಿಸಿ, ಒಣಗಿದ ಎಲೆ ತೆಗೆದು, ಹಿತ್ತಿಲಿನಲ್ಲಿ ನೆಟ್ಟರೆ ಗಿಡ ಮತ್ತೆ ಬೇರು ಬಿಡುತ್ತದೆ. ಅದರ ಬುಡದಲ್ಲಿ ಮೂಡುವ ಮರಿಗಳಲ್ಲಿ ಒಂದನ್ನು ಮುಂದೆ ಬಾಗಿಲಿಗೆ ಕಟ್ಟಬಹುದು.

ಕುಂಡದ ಗಿಡ ಕೊಳೆಯುವುದೇಕೆ?

ಪಿಂಗಾಣಿ ಬಟ್ಟಲಿನ ಗಿಡದ ಕಥೆಯನ್ನು ಈಗ ಸುಲಭವಾಗಿ ಬಿಡಿಸಬಹುದು. ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಿನ ಜಾಗ ಸದಾ ನೀರಿನಿಂದ ತುಂಬಿದ್ದರೆ ಅವುಗಳಿಗೆ ಗಾಳಿ ಸಿಗದು. ಉಸಿರುಕಟ್ಟಿದ ಬೇರಿಗೆ ಬೂಷ್ಟು ತಗುಲಿ ಕೊಳೆ ಮೇಲೇರುತ್ತದೆ. ಭತ್ತದ ಬೇರಿಗೆ ಮೇಲಿನಿಂದ ಗಾಳಿ ಸಾಗಿಸುವ ನಾಳಗಳಿವೆ, ಅದು ಕೆಸರಿನಲ್ಲಿ ನಿಂತು ಬೆಳೆಯುತ್ತದೆ. ಲೋಳೆಸರಕ್ಕೆ ಅಂಥ ಅನುಕೂಲವಿಲ್ಲ. ಬಾಗಿಲ ಮೇಲಿನ ಗಿಡಕ್ಕೆ ನೀರಿಲ್ಲ, ಆದ್ದರಿಂದ ಕೊಳೆಯೂ ಇಲ್ಲ. ತಳದಲ್ಲಿ ತೂತಿಲ್ಲದ ಬಟ್ಟಲಿನ ಗಿಡಕ್ಕೆ ನೀರು ಮಾತ್ರ ಇದೆ, ಗಾಳಿಯಿಲ್ಲ.

ಮನೆಯೊಳಗೆ ರಸಭರಿತ ಗಿಡ ಸಾಕುವವರು ಇಷ್ಟು ನೆನಪಿಟ್ಟರೆ ಸಾಕು. ತಳದಲ್ಲಿ ತೂತಿರುವ ಮಣ್ಣಿನ ಕುಂಡವೇ ಒಳ್ಳೆಯದು, ಅದರ ಮೈಯಿಂದಲೂ ತೇವ ಆರುತ್ತದೆ. ಕೆಮ್ಮಣ್ಣಿಗೆ ಅದರಷ್ಟೇ ದಪ್ಪ ಮರಳು, ಒಡೆದ ಹೆಂಚಿನ ಚೂರು ಬೆರೆಸಬೇಕು. ಗೊಬ್ಬರ ಒಂದು ಹಿಡಿ ಸಾಕು. ಕಪ್ಪು ಎರೆಮಣ್ಣು ನೀರನ್ನು ಬಿಡದೆ ಹಿಡಿದಿಡುತ್ತದೆ, ಅದು ಬೇಡ. ನೀರು ಹಾಕುವಾಗ ತೂತಿನಿಂದ ಹೊರಬರುವಷ್ಟು ಹಾಕಬೇಕು, ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಆಮೇಲೆ ಮಣ್ಣು ತಳದವರೆಗೆ ಒಣಗುವ ತನಕ ಸುಮ್ಮನಿರಬೇಕು. ಒಣಗಿದೆಯೇ ಎಂದು ತಿಳಿಯಲು ಒಂದು ಕಡ್ಡಿ ಚುಚ್ಚಿ ತೆಗೆದರಾಯಿತು. ಮಣ್ಣು ಅಂಟಿಕೊಂಡು ಬಂದರೆ ಇನ್ನೂ ಕಾಯಬೇಕು. ನಮ್ಮ ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಮತ್ತು ಚಳಿಯಲ್ಲಿ ಇನ್ನೂ ತಡವಾಗಿ ಎಂಬುದು ಒಂದು ಅಂದಾಜು. ಆದರೆ ದಿನದ ಲೆಕ್ಕಕ್ಕಿಂತ ಕಡ್ಡಿಯ ಮಾತನ್ನು ನಂಬುವುದು ಮೇಲು.

ಗಿಡ ತನ್ನ ಕಷ್ಟವನ್ನು ತಾನೇ ಹೇಳುತ್ತದೆ. ಎಲೆ ತೆಳ್ಳಗಾಗಿ, ಸುಕ್ಕಾಗಿ ಒಳಕ್ಕೆ ಮಡಚಿದರೆ ಬಾಯಾರಿದೆ. ಎಲೆಯ ಬುಡ ಹಳದಿಯಾಗಿ, ಗಾಜಿನಂತೆ ಒಳಗೆಲ್ಲ ಕಾಣುವಂತಾಗಿ ಮೆತ್ತಗಾದರೆ ನೀರು ಹೆಚ್ಚಾಗಿದೆ. ಮೊದಲನೆಯದನ್ನು ಒಂದು ಚೊಂಬು ನೀರು ಸರಿಪಡಿಸುತ್ತದೆ. ಎರಡನೆಯದು ಬುಡಕ್ಕೆ ಹರಡಿದರೆ ಕೊಳೆಯದ ತುದಿಯನ್ನು ಕತ್ತರಿಸಿ, ಗಾಯ ಒಣಗಲು ನೆರಳಿನಲ್ಲಿ ಕೆಲವು ದಿನ ಬಿಟ್ಟು, ಒಣ ಮಣ್ಣಿನಲ್ಲಿ ಹೊಸದಾಗಿ ನೆಡಬೇಕಾಗುತ್ತದೆ. ಕಾಂಡ ಉದ್ದವಾಗಿ, ಎಲೆಗಳು ದೂರ ದೂರವಾಗಿ ಕಿಟಕಿಯ ಕಡೆ ಬಾಗಿದರೆ ಬೆಳಕು ಸಾಲದು. ಪೂರ್ವದ ಕಿಟಕಿಯ ಎಳೆಬಿಸಿಲು ಉತ್ತಮ. ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಗೇ ಏಪ್ರಿಲ್ ಬಿಸಿಲಿಗಿಟ್ಟರೆ ಎಲೆ ಕೆಂಪಾಗಿ ಸುಡುತ್ತದೆ. ಒಂದೆರಡು ವಾರದಲ್ಲಿ ಮೆಲ್ಲಗೆ ಬಿಸಿಲಿಗೆ ಒಗ್ಗಿಸಬೇಕು.

ಬಿಳಿ ಹತ್ತಿಯಂಥ ಹುಳು

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಎಲೆಯ ಸಂದಿಯಲ್ಲಿ ಹತ್ತಿಯ ಚೂರಿನಂಥ ಬಿಳಿ ಪದಾರ್ಥ ಕಾಣಿಸಿಕೊಳ್ಳುತ್ತದೆ. ಇದು ರಸ ಹೀರುವ ಹಿಟ್ಟುತಿಗಣೆ. ಸಾಬೂನಿನ ನೀರಿನಲ್ಲೋ ಸ್ಪಿರಿಟ್ಟಿನಲ್ಲೋ ಅದ್ದಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಈ ಸಣ್ಣ ಹುಳುವಿನ ದಾಯಾದಿಯೊಂದು ದಕ್ಷಿಣ ಭಾರತದ ಚರಿತ್ರೆಯಲ್ಲಿ ದೊಡ್ಡ ಪಾತ್ರ ವಹಿಸಿದೆ.

ಅದರ ಹೆಸರು ಕೊಚಿನೀಲ್. ಪಾಪಾಸುಕಳ್ಳಿಯ ಮೇಲೆ ಬದುಕುವ ಈ ಹುಳುವನ್ನು ಒಣಗಿಸಿ ಅರೆದರೆ ರೇಷ್ಮೆ, ಉಣ್ಣೆಗಳಿಗೆ ಹಾಕುವ ಕಡುಗೆಂಪು ಬಣ್ಣ ಸಿಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಮೆಕ್ಸಿಕೋವನ್ನು ಆಳುತ್ತಿದ್ದ ಸ್ಪೇನಿನವರು ಇದರ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದರು. ಆ ಲಾಭದಲ್ಲಿ ಪಾಲು ಪಡೆಯಲು ಮದರಾಸಿನ ಕಂಪನಿ ವೈದ್ಯ ಜೇಮ್ಸ್ ಆಂಡರ್ಸನ್ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಮಾಡಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನಿಂದ ಹುಳುಗಳನ್ನು ಕಲ್ಕತ್ತೆಗೆ ತಂದ. ತಂದದ್ದು ಕೀಳು ಜಾತಿಯ ಕಾಡುಹುಳು. ಬಣ್ಣದ ವ್ಯಾಪಾರ ಕುದುರಲಿಲ್ಲ. ಆದರೆ ಆ ಹುಳು ಇಲ್ಲಿ ನೆಲೆಯೂರಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ತೆಗೆಯಿತು.

ಅದು ತಿನ್ನದ ಇನ್ನೊಂದು ಜಾತಿ ಉಳಿಯಿತು. ಚಪ್ಪಲಿಯಾಕಾರದ ಕಾಂಡದಿಂದಾಗಿ ನಮ್ಮವರು ಪಾಪಾಸು ಎಂದು ಕರೆದ ಈ ಕಳ್ಳಿಯನ್ನು ಜನ ಬೇಲಿಗೆಂದು ನೆಟ್ಟರು. ಒಂದು ತುಂಡು ಬಿದ್ದಲ್ಲಿ ಒಂದು ಪೊದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಮದರಾಸು ಪ್ರಾಂತದ ಗೋಮಾಳ, ಹೊಲ, ಹಾದಿಗಳನ್ನು ಮುಚ್ಚುತ್ತಾ ನಡೆಯಿತು. ಕೊಳ್ಳೇಗಾಲ ತಾಲ್ಲೂಕು ಆಗ ಆ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅಲ್ಲಿಯೇ ಇತ್ತು. ಕಡಿದರೆ ಚಿಗುರುವ, ಸುಟ್ಟರೆ ಉಳಿಯುವ ಈ ಕಳ್ಳಿಗೆ ಮದ್ದಾಗಿ ಬಂದದ್ದು ಮತ್ತೊಂದು ಜಾತಿಯ ಕೊಚಿನೀಲ್ ಹುಳು. 1926ರಲ್ಲಿ ಸಿಂಹಳದಿಂದ ಅದನ್ನು ತರಿಸಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಪೊದೆಗಳು ಕರಗಿ ನೆಲ ಬಿಡುಗಡೆಯಾಯಿತು.

ಸಾಯದ ಗಿಡ ಒಳ್ಳೆಯದೇ, ಆದರೆ ಅದು ಇರಬೇಕಾದ ಜಾಗದಲ್ಲಿರಬೇಕು. ಮನೆಯಲ್ಲಿ ಹೆಚ್ಚಾದ ಕಾಡುಬಸಳೆ, ಕಳ್ಳಿಗಳನ್ನು ಕೆರೆಯಂಗಳದಲ್ಲೋ ಕಾಡಂಚಿನಲ್ಲೋ ಎಸೆಯಬಾರದು. ಮಾದಪ್ಪನ ಬೆಟ್ಟದ ಕುರುಚಲು ಕಾಡಿನಲ್ಲಿ ಬೆಳೆಯುವ ನಮ್ಮದೇ ಕಳ್ಳಿ, ಮಂಗರಬಳ್ಳಿಗಳನ್ನು ಚೆಂದವೆಂದು ಕಿತ್ತು ತರಲೂಬಾರದು. ಅದು ವನ್ಯಧಾಮ.

ಎರಡು ಎಚ್ಚರಿಕೆಗಳು

ಲೋಳೆಸರ ರಾತ್ರಿ ಹೊತ್ತು ಆಮ್ಲಜನಕ ಬಿಡುತ್ತದೆ, ಮಲಗುವ ಕೋಣೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಮಾತು ಈಗ ಎಲ್ಲೆಡೆ ಹರಡಿದೆ. ರಾತ್ರಿ ಅದು ಇಂಗಾಲದ ಡೈಆಕ್ಸೈಡನ್ನು ಹೀರುವುದು ನಿಜ. ಆಮ್ಲಜನಕ ಹುಟ್ಟುವುದು ಬೆಳಕಿನಲ್ಲಿ ಮಾತ್ರ. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಹಲವರು ಆಧಾರವಾಗಿ ಹೇಳುತ್ತಾರೆ. ಅವು ನಡೆದದ್ದು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಗಳಲ್ಲಿ. ಇಂಥ ಹಲವು ಪ್ರಯೋಗಗಳನ್ನು ಪರಿಶೀಲಿಸಿದ 2019ರ ವಿಮರ್ಶೆಯೊಂದರ ಪ್ರಕಾರ, ಕಟ್ಟಡದ ಗಾಳಿಯ ಸಂಚಾರದಿಂದ ಆಗುವಷ್ಟೇ ಶುದ್ಧಿ ಗಿಡಗಳಿಂದ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕು. ಕಿಟಕಿ ತೆರೆಯುವುದು ಸುಲಭ.

ಎರಡನೆಯದು ಕಹಿರಸದ ವಿಚಾರ. ಲೋಳೆಸರದ ತಿರುಳು ಬೇರೆ, ಸಿಪ್ಪೆಯ ಕೆಳಗೆ ಒಸರುವ ಹಳದಿ ರಸ ಬೇರೆ. ಆ ರಸ ಬಲವಾದ ಭೇದಿ ಮಾಡಿಸುತ್ತದೆ. ಅದನ್ನು ಬಳಸಿದ ಭೇದಿ ಔಷಧಿಗಳು ಸುರಕ್ಷಿತವೆಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ಅಮೆರಿಕದ ಸರ್ಕಾರ 2002ರಲ್ಲಿ ಅವುಗಳ ಮುಕ್ತ ಮಾರಾಟಕ್ಕೆ ತಡೆಹಾಕಿತು. ಬಸುರಿಯರು, ಮಕ್ಕಳು ಅದರಿಂದ ದೂರವಿರಬೇಕು. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳ ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಬೇಕು.

ಅರಬ್ಬಿಯಲ್ಲಿ ಈ ಗಿಡಕ್ಕೂ ತಾಳ್ಮೆಗೂ ಒಂದೇ ಮೂಲದ ಹೆಸರಿದೆ. ಸಾಕುವವರಿಗೂ ಅದೇ ಗುಣ ಬೇಕಾಗುತ್ತದೆ. ಬೆಳೆ, ದನ, ಮಕ್ಕಳು ಎಂದು ದಿನವೂ ಆರೈಕೆ ಬೇಡುವ ಜೀವಗಳ ನಡುವೆ ಬಾಳುವ ನಮಗೆ, ಕೈಕಟ್ಟಿ ಕುಳಿತು ನೋಡುವುದೂ ಒಂದು ಆರೈಕೆ ಎಂದರೆ ಒಪ್ಪುವುದು ಕಷ್ಟ. ಮುಂದಿನ ಸಲ ಕಿಟಕಿಯ ಗಿಡಕ್ಕೆ ನೀರು ಹಾಕಲು ಚೊಂಬು ಎತ್ತಿದಾಗ ಮೊದಲು ಕಡ್ಡಿ ಚುಚ್ಚಿ ನೋಡಿ. ಹಾಗೆಯೇ ತಲೆಬಾಗಿಲ ಮೇಲಿನ ಲೋಳೆಸರದ ಎಲೆ ಕಾಗದದಂತೆ ತೆಳುವಾಗಿದ್ದರೆ ಈ ವಾರವೇ ಇಳಿಸಿ ಹಿತ್ತಿಲಿನ ಮಣ್ಣಿಗೆ ಸೇರಿಸಿ. ಅದು ಮನೆ ಕಾದದ್ದು ಸಾಕು, ಇನ್ನು ಸ್ವಲ್ಪ ಕಾಲ ಬೇರೂರಲಿ.